ನನ್ನ ರಜೆ ಕಿತ್ತುಕೊಂಡ ಮೆನೋಪಾಸ್

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಹೋದ ವಾರ ನನ್ನ ರಜೆಗೆ ನಾನೇ ಕಲ್ಲು ಹಾಕಿಕೊಂಡೆ.

ಆದದ್ದಿಷ್ಟು. ಮಲ್ಕಾಜ್‌ಗಿರಿಯ ನಮ್ಮ ಲೇಡಿ ಡಾಕ್ಟರು, "ಮುಟ್ಟು ನಿಂತಂತೆಯೇ ಅಮ್ಮಾ, ಇನ್ನು ನೀವು ಫ್ರೀ!" ಎಂದು ತೆಲುಗಿನಲ್ಲಿ ಸಾರಿಬಿಟ್ಟರು. (ಈ ಚಳಿಯಲ್ಲೂ ನಾನು ಫ್ಯಾನ್ ಫುಲ್ ಇಡುವುದಕ್ಕೆ, ಪಕ್ಕದಲ್ಲಿ ಯಜಮಾನರು ಮಫ್ಲರ್ ಸುತ್ತಿ ಮಲಗುವುದಕ್ಕೆ ಕಾರಣ ಸಿಕ್ಕಿತು.)

ಮೆನೋಪಾಸ್ ಎಂದರೆ ಮುಚ್ಚಿಡುವಂಥದ್ದೇನಿದೆ? ಬ್ಯಾಂಕಿನಲ್ಲಿ ದುಡಿಯುವ, ಅಂಕಣ ಬರೆಯುವ ಹೆಂಗಸು ನಾನು! ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಯಜಮಾನರು ಸಾರಿನ ಬಟ್ಟಲಿನತ್ತ ತಲೆ ತಗ್ಗಿಸಿದರು. ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು.

"ಛಲೋ ಆತು ಬಿಡವಾ! ಇನ್ನ ನೀ ಯಾವಾಗ ಬೇಕಾದ್ರೂ ಮಡಿ ಅಡಿಗಿಗೆ ಸಿಗ್ತಿ."

ಹೋಯಿತು ನನ್ನ ರಜೆ! ನಮ್ಮ ಮನೆಯಲ್ಲಿ ಇಂದಿಗೂ ತಿಂಗಳಿಗೆ ಮೂರು ದಿನ ಹೆಂಗಸರು 'ಹೊರಗೆ' ಕೂಡುತ್ತಾರೆ. ಅಡಿಗೆಮನೆಯತ್ತ ಸುಳಿಯುವ ಹಾಗಿಲ್ಲ. ಈ ಪದ್ಧತಿಯ ವಿರುದ್ಧ ಇದೇ ಅಂಕಣದಲ್ಲಿ ನಾನು ಗುಡುಗಿದ್ದೇನೆ. ಗುಡುಗಿದ್ದು ಬಾಲ್ಕನಿಯಲ್ಲಿ ಕಾಲು ಚಾಚಿ, ಅತ್ತೆ ಮಾಡಿಕೊಟ್ಟ ಚಹಾ ಕುಡಿಯುತ್ತ. (ಸುಳ್ಳು ಯಾಕೆ ಹೇಳಲಿ?)

ಮರುದಿನವೇ ಮಿಯಾಪುರದಿಂದ ನಾದಿನಿಯ ಫೋನ್. "ವೈನೀ, ಮುಂದಿನ ವಾರ ನಮ್ಮ ಮನ್ಯಾಗ ಸತ್ಯನಾರಾಯಣ ಪೂಜಾ ಅದ. ಅಡಿಗಿಗೆ ನೀವ ಬರ್ರಿ. ಈಗೇನು ನಿಮಗ ಅಡಚಣಿ ಇಲ್ಲಲಾ!" ಅದರ ಹಿಂದೆಯೇ ಕುಷಾಯಿಗೂಡದ ಚಿಕ್ಕತ್ತೆ: ಮೊಮ್ಮಗನ ಮುಂಜಿಗೆ ಹೋಳಿಗೆ ನನ್ನದಂತೆ. ಮೈಯೊಳಗೇ ಒಲೆ ಹೊತ್ತಿಕೊಂಡವಳಿಗೆ ಹೊರಗೂ ಒಲೆಯೇ? ನನಗೆ ಅಳುವೇ ಬಂತು.

ನಿನ್ನೆ ಸಂಜೆ ತಡೆಯಲಾಗದೆ ಕೇಳಿಬಿಟ್ಟೆ. "ಅತ್ಯಾ, ಮುಟ್ಟು ನಿಂತರ ರೆಸ್ಟೂ ನಿಲ್ಲಬೇಕೇನ್ರಿ? ನನಗ ಆ ಮೂರು ದಿನ ವಾಪಸ್ ಬೇಕು!"

ಅತ್ತೆ ಬಿದ್ದು ಬಿದ್ದು ನಕ್ಕರು. "ಹುಚ್ಚಿ! ಡಂಗುರಾ ಹೊಡಿ ಅಂತ ನಿನಗ ಯಾರು ಹೇಳಿದ್ರು? ನಂದು ನಿಂತಾಗ ನಾ ಯಾರ ಮುಂದೂ ಬಾಯಿ ಬಿಡಲಿಲ್ಲ. ಮುಂದೂ ಎರಡು ವರ್ಷ ತಿಂಗಳಾ ಆರಾಮ ಹೊರಗ ಕೂತೆ. ಆಗಿನ್ನೂ ನಿನ್ನ ಮದುವಿ ಆಗಿ ಹೊಸದು."

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟಕ್ಕೇ ಬಿಡದೆ ಅತ್ತೆ ತಾವೇ ನಾದಿನಿಗೆ ಫೋನ್ ಹಚ್ಚಿದರು. "ನಿಮ್ಮ ವೈನಿ ಬರೂದಿಲ್ಲ. ಅಡಿಗಿಯವರಿಗೆ ಹೇಳು." ಎಂಥ ಅತ್ತೆ! ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಳ್ಳುವಾಗ ಹೊಳೆಯಿತು ನೋಡಿ: ಆ ಎರಡು ವರ್ಷ, ಅತ್ತೆ ಆರಾಮ ಹೊರಗೆ ಕೂತಾಗಲೆಲ್ಲ, ಇಡೀ ಮನೆಗೆ ಬೇಯಿಸಿ ಹಾಕಿದ ಹೊಸ ಸೊಸೆ ಯಾರು?