ಹಿತ್ತಾಳೆ ಬುಶ್, ನೈಲಾನ್ ಬುಶ್

ಮೇ ತಿಂಗಳಲ್ಲಿ ಐಸ್ ಗಡ್ಡೆಯನ್ನು ಟೆಂಪೋದಲ್ಲಿ ಮುಂಬೈ ಬಳಿಯ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಗೆ ತರುವುದೆಂದರೆ, ಅರ್ಧವನ್ನು ರಸ್ತೆಗೆ ಧಾರೆಯೆರೆದು ಉಳಿದರ್ಧವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಳಿಸಿಕೊಳ್ಳುವುದು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ತೊಂಬತ್ತನಾಲ್ಕರ ಮೇ ಒಂಬತ್ತು, ಸೋಮವಾರ, ಹನ್ನೆರಡು ಗಡ್ಡೆ. ಬರೆದಿಟ್ಟದ್ದು ಕರಗುವುದಿಲ್ಲವೆಂಬ ಭ್ರಮೆ ಆಗ ನನಗಿತ್ತು.

ನಮ್ಮ ಕಾರ್ಖಾನೆಗೆ ವಿದೇಶದ ಕೆಲಸವೊಂದು ಬಂದಿತ್ತು. ಅಲ್ಲಿ ಸರೋವರಗಳು ಹೆಪ್ಪುಗಟ್ಟುತ್ತವಂತೆ. ಜನ ಕೈಬೈರಿಗೆಯಿಂದ ಹಿಮಕ್ಕೆ ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಆ ಬೈರಿಗೆಯ ಹಿಡಿಕೆ ತಿರುಗುವ ಬಳೆ, ಅಂದರೆ ಬುಶ್, ಹಿತ್ತಾಳೆಯದಿರಬೇಕೋ ನೈಲಾನಿನದೋ ಎಂದು ಪರೀಕ್ಷಿಸಿ ವರದಿ ಬರೆಯುವುದು ತಪಾಸಣೆ ವಿಭಾಗದ ನನ್ನ ಪಾಲಿಗೆ ಬಂತು. ಠಾಣೆ ನಗರದ ಕೆರೆ ದಂಡೆಯ ಕುಲ್ಫಿಗಿಂತ ಗಟ್ಟಿಯಾದ ಹಿಮವನ್ನು ಕಾಣದ ನಾನು ಹೀಗೆ ಹಿಮತಜ್ಞನಾದೆ, ನೋಡಿ.

ಹಿತ್ತಾಳೆ ಬುಶ್ ಕಡೆಯುತ್ತಿದ್ದವರು ಗುಲಬರ್ಗಾದ ಶಿವಪ್ಪಣ್ಣ. ನೈಲಾನ್ ಗೆದ್ದರೆ ಅವರ ಲೇತಿಗೆ ಕೆಲಸವಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಒಂದೊಂದಕ್ಕೆ ನಲವತ್ತು ತೂತು ಕೊರೆದೆವು. ಎರಡೂ ಸಮ. ಹಗುರವಾದದ್ದು ಮಾತ್ರ ನೈಲಾನ್.

“ಇದಕ್ಕ ಬರ್ಫ್ ಅಂತಾರೇನ್ರಿ ಸರ? ನಮ್ಮಂಗ ಬೆವರಾಕತ್ತದ. ಖರೇ ಥಂಡಿ ಹತ್ತಲಿ, ಆಮ್ಯಾಲ ನೋಡ್ರಿ ಪ್ಲಾಸ್ಟಿಕ್ಕಿನ ಹಣೇಬಾರ!” ಎಂದರು ಶಿವಪ್ಪಣ್ಣ.

ಉಡುಪಿ ಕಡೆಯ ನಮ್ಮ ಮಾಲೀಕರು ನಕ್ಕರು. “ಆಯ್ತು ಮಾರಾಯ, ನಿನ್ನ ಥಂಡಿಯಲ್ಲೇ ನೋಡುವ.”

ಎರಡೂ ಬುಶ್‌ಗಳು ಐಸ್ ಫ್ಯಾಕ್ಟರಿಯಲ್ಲಿ, ಐಸಿಗಿಂತಲೂ ತಣ್ಣಗಿರುವ ಉಪ್ಪುನೀರಿನ ತೊಟ್ಟಿಯಲ್ಲಿ, ಒಂದಿಡೀ ದಿನ ಮುಳುಗಿದವು. ಆಮೇಲೆ ಅಲ್ಲಿಯೇ, ಆಗಷ್ಟೇ ತೆಗೆದ ಗಡ್ಡೆಯ ಮೇಲೆ, ಶಿವಪ್ಪಣ್ಣ ತಾವೇ ಬೈರಿಗೆ ತಿರುಗಿಸಿದರು. ನಿಷ್ಪಕ್ಷಪಾತಿಯಾಗಿರಬೇಕಾದ ನಾನು ನೈಲಾನ್ ಸೀಳಲೆಂದು ತೂತಿಗೊಂದು ಹರಕೆ ಹೊತ್ತೆ. ಅದು ಸೀಳಲಿಲ್ಲ. ಬಿಗಿದುಕೊಂಡು ನಿಂತದ್ದು ಹಿತ್ತಾಳೆಯೇ, ಅದೂ ಎರಡು ಸಲ.

ನನ್ನ ಪೆನ್ನು ನಿಂತದ್ದು ಅವರಿಗೆ ಕಂಡಿತು. “ಬರೀರಿ ಸರ. ಕಂಡದ್ದ ಬರೀರಿ.”

ಬರೆದೆ. ಆದರೆ ನೈಲಾನ್ ಬುಶ್ ಎರೆಯಲು ಉಕ್ಕಿನ ಅಚ್ಚು ಬೇಕು. ಅಷ್ಟು ನಯವಾಗಿ ಅದನ್ನು ಕಡೆಯಬಲ್ಲವರು ನಮ್ಮಲ್ಲಿ ಶಿವಪ್ಪಣ್ಣ ಒಬ್ಬರೇ. ಆರು ದಿನಗಳಲ್ಲಿ ಅಚ್ಚು ನನ್ನ ಮೇಜಿಗೆ ಬಂತು. ಐದು ಸಲ ಅಳೆದೆ. ಕೂದಲೆಳೆಯಷ್ಟು ತಪ್ಪು ಸಿಕ್ಕಿದ್ದರೂ ಆ ಲೇತ್ ಇನ್ನೊಂದು ವಾರ ತಿರುಗುತ್ತಿತ್ತು.

“ಯಾಕ್ರಿ ಸರ, ನನ್ನ ಕೈಮ್ಯಾಲ ನಂಬಿಕಿ ಇಲ್ಲೇನು?” ಅವರ ದನಿಯಲ್ಲಿ ನಿಜವಾದ ನೋವಿತ್ತು.

ಆರನೆಯ ಸಲ ಅಳೆಯಲಿಲ್ಲ. ‘ಸರಿಯಿದೆ’ ಎಂದು ಬರೆದು, ಅವರು ನೋಡುತ್ತಿರುವಂತೆಯೇ ಸಹಿ ಹಾಕಿದೆ.