ಹುತ್ತಕ್ಕೆ ಹಾಕಿಸಿದ ಬೇಲಿ

ಮೊನ್ನೆ ಕಪಾಟಿನ ಹಿಂದಿನಿಂದ ಹಸಿ ಮಣ್ಣಿನ ವಾಸನೆ ಬಂತು. ಸರಿಸಿ ನೋಡಿದರೆ ಗೋಡೆಗುಂಟ ಗೆದ್ದಲಿನ ಸಾಲು; ನಮ್ಮ ಕಡೆ ಒರಲಿ ಅನ್ನುತ್ತೇವೆ. ನೀವಾಗಿದ್ದರೆ ಔಷಧಿ ಹುಡುಕುತ್ತಿದ್ದಿರಿ; ನಾನು ಕಸಬರಿಗೆ ಹಿಡಿದು ನಿಂತು ಕರಡಿಯನ್ನು ನೆನೆದೆ. ವಯಸ್ಸಾಯಿತು, ಏನು ಮಾಡುವುದು.

ನಿಜಾಮರ ಕಾಲ, ನಲವತ್ತರ ದಶಕದ ಮೊದಲ ವರ್ಷಗಳು. ಕೊಪ್ಪಳದಿಂದ ಹನುಮನಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಪೇಟೆಯವಳೆಂಬ ಜಂಬ ತುಸು ಇತ್ತು. ನಮ್ಮ ಹೊಲದಲ್ಲಿ ಮೇವಿನ ಬಣವೆಯ ಆಚೆಗೊಂದು ಈಚೆಗೊಂದು ಹುತ್ತ. ದೊಡ್ಡದಕ್ಕೆ ಪಂಚಮಿಯಲ್ಲಿ ಮನೆಯ ಹೆಂಗಸರು ಹಾಲೆರೆಯುತ್ತಿದ್ದರು. ಪ್ರತಿ ಮುಂಗಾರಿಗೆ ಗುಡ್ಡದ ಕರಡಿ ಇಳಿದು ಬಂದು, ಎರಡನ್ನೂ ಉಗುರಿನಿಂದ ಬಗೆದು, ಮೂತಿಯಿಟ್ಟು ಗೆದ್ದಲು ಹೀರಿ ಹೋಗುತ್ತಿತ್ತಂತೆ. ಅದರಿಂದ ಹುತ್ತವೇನೂ ಸಾಯುತ್ತಿರಲಿಲ್ಲ. ಕೆಲವು ತಿಂಗಳು ಸೊರಗಿ ಮತ್ತೆ ಮಣ್ಣು ಮೆತ್ತಿಕೊಳ್ಳುತ್ತಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲ ಮಳೆಗೆ ಕರಡಿ ಸಣ್ಣ ಹುತ್ತ ಬಗೆದು ಹೋದದ್ದು ನೋಡಿ ಗಾಬರಿಯಾದೆ. ನಾಗಪ್ಪನ ಮನೆಯನ್ನೂ ಕೆಡವಿದರೆ ನಮಗೆ ಒಳ್ಳೆಯದಾದೀತೆ? ಅಂದೇ ಆಳಿಗೆ ಹೇಳಿ ದೊಡ್ಡ ಹುತ್ತದ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿಸಿದೆ. ಅತ್ತೆ ನೋಡಿ ಸುಮ್ಮನಾದರು. ಮಾವ ಹೆಂಗಸರ ಪೂಜೆಯ ಸಂಗತಿ ಇರಬೇಕೆಂದು ಕೇಳಲಿಲ್ಲ.

ಮರು ಬೇಸಿಗೆಯಲ್ಲಿ ಬಣವೆ ಬಿಚ್ಚಿದರೆ ಕೈಗೆ ಜೋಳದ ಕಣಿಕೆಯ ಬದಲು ಮಣ್ಣು ಬಂತು. ಬೇಲಿಯ ಕಡೆಯ ಅರ್ಧ ಬಣವೆ ಗೆದ್ದಲಿನ ಪಾಲಾಗಿತ್ತು. ಸಣ್ಣ ಹುತ್ತದ ಕಡೆಯದು ಗಟ್ಟಿಯಾಗಿತ್ತು. ಕರಡಿಯೊಂದೇ ಕಾರಣವೆಂದು ನಾನು ಆಣೆ ಮಾಡಲಾರೆ. ಮಾವನಿಗೆ ಮಾತ್ರ ಸಂಶಯವಿರಲಿಲ್ಲ.

ಸಂಜೆ ಪಡಸಾಲೆಯಲ್ಲಿ ನಿಂತು ಕೇಳಿದರು: "ಕರಡಿ ತಿನ್ನೋ ಒರಲಿಗೆ ಬೇಲಿ ಹಾಕಿ ಸಾಕೀರಲ್ಲ, ಇನ್ನ ಎತ್ತಿಗೆ ಏನ್ ಹಾಕಲಿ? ಯಾರು ಮಾಡ್ಸಿದ್ದು? ಅಕಿ ಈ ಸಲ ಪಂಚಮಿಗೆ ತವರಮನಿ ಮಾರಿ ನೋಡೂದಿಲ್ಲ."

ನಾನೋ, ಅಣ್ಣ ಕರೆಯಲು ಬರುವ ದಿನವನ್ನೇ ಎಣಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ನಾನ ಮಾಡ್ಸೀನ್ರಿ" ಎಂದರು.

ಮಾವ ಹೊರಗೆ ಹೋದ ಮೇಲೆ ನಾನು ಅಳತೊಡಗಿದೆ.

"ಸುಮ್ನಿರವ್ವಾ. ನನಗ ತವರಮನಿ ಹಳೇದಾಗೇತಿ. ನಾಳೆ ಆ ಮುಳ್ಳು ತಗಸು. ನಾಗಪ್ಪ ತನ್ನ ಕಾಳಜಿ ತಾ ಮಾಡ್ಕೋತಾನ, ಕರಡಿ ತನ್ನ ಊಟಾ ಮಾಡಲಿ."

ಬೇಲಿ ತೆಗೆಸಿದೆವು. ಮುಂಗಾರಿಗೆ ಕರಡಿ ಬಂತು, ದೊಡ್ಡ ಹುತ್ತ ಬಗೆಯಿತು. ಮುಂದಿನ ವರ್ಷದ ಬಣವೆ ಉಳಿಯಿತು. ಮೊಮ್ಮಕ್ಕಳಿಗೆ ಈ ಕತೆಯನ್ನು ಇಷ್ಟೇ ಹೇಳಿ ನಗಿಸುತ್ತ ಬಂದಿದ್ದೇನೆ. ಬೇಲಿ ಹಾಕಿಸಿದ ಪೆದ್ದಿ ಅತ್ತೆಯೇ ಎಂದು ಹೇಳಿದ್ದೇನೆ.

ಅತ್ತೆಯ ತಾಯಿ ಆಗ ಮರಳಿ ಎಂಬ ಊರಿನಲ್ಲಿ ಇನ್ನೂ ಇದ್ದರು. ಆ ಪಂಚಮಿಗೆ ಹೊಸ್ತಿಲ ಮೇಲೆ ಕೂತು ಮಗಳ ದಾರಿ ಕಾದರಂತೆ. ನಾನು ಕೊಪ್ಪಳದಲ್ಲಿ ಜೋಕಾಲಿ ಜೀಕುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಿನ್ನೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕತೆಯನ್ನು ತಿದ್ದಿ ಹೇಳಿದೆ. ಯಾರೂ ನಗಲಿಲ್ಲ.