ಬಚ್ಚಲಿನ ದೀಪ

ನನ್ನ ಗಂಡ ವೈರಿಂಗ್ ಕೆಲಸ ಕಲಿತದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಬಳ್ಳಾರಿಯ ಹೊರಗೆ ಮಿಲಿಟರಿಯವರು ಸಾಲುಸಾಲಾಗಿ ಶೆಡ್ಡುಗಳನ್ನು ಎಬ್ಬಿಸುತ್ತಿದ್ದಾಗ ಕಂಬ ಹೊರುವ ಕೂಲಿಗೆ ಹೋದವರು, ಆಮೇಲೆ ಏಣಿ ಹಿಡಿದರು, ಆಮೇಲೆ ತಾವೇ ಏಣಿ ಹತ್ತಿದರು. ಯುದ್ಧ ಮುಗಿದು ಶೆಡ್ಡುಗಳು ಖಾಲಿಯಾಗುವ ಹೊತ್ತಿಗೆ ಒಂದು ಮನೆಗೆ ತಂತಿ ಎಳೆದು, ಸ್ವಿಚ್ಚು ಕೂಡಿಸಿ, ದೀಪ ಹೊತ್ತಿಸುವಷ್ಟು ಕೈ ಪಳಗಿತ್ತು. ಆದರೆ ಲೈಸೆನ್ಸ್ ಇರಲಿಲ್ಲ. ನಮ್ಮ ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು. ಲೈಸೆನ್ಸ್ ಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಇಂಗ್ಲಿಷು ಬರಬೇಕು. ಇವರು ಓದಿದ್ದು ಕನ್ನಡ ಸಾಲೆಯಲ್ಲಿ, ಅದೂ ಚಿಕ್ಕಂದಿನಲ್ಲೇ ಬಿಟ್ಟದ್ದು. ಒಮ್ಮೆ ಪರೀಕ್ಷೆಗೆ ಕೂತು ಹೆಸರಷ್ಟೇ ಬರೆದು ಎದ್ದು ಬಂದಿದ್ದರು.

ಇಂಥವರು ಊರಲ್ಲಿ ಬಹಳ ಮಂದಿ ಇದ್ದರು. ಲೈಸೆನ್ಸ್ ಇದ್ದ ಕಂಟ್ರಾಕ್ಟರನ ಕೈಕೆಳಗೆ ಸೇರಿಕೊಂಡರೆ ಹೊಟ್ಟೆಪಾಡು ನಡೆಯುತ್ತಿತ್ತು. ಕೆಲಸ ಇವರದು, ಸಹಿ ಅವನದು. ಕಾನೂನಿನ ಪ್ರಕಾರ ಅವನು ಬಂದು ಎಲ್ಲವನ್ನೂ ನೋಡಿಯೇ ಸಹಿ ಹಾಕಬೇಕಂತೆ. ಸ್ಟೇಷನ್ ಕಡೆ ಬಲ್ಬು, ಸ್ವಿಚ್ಚು ಮಾರುವ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಕಂಟ್ರಾಕ್ಟರ್ ಗಲ್ಲೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಕಡಿಮೆ. ಕೆಟ್ಟವನೆಂದು ಹೇಳಲಾರೆ. ನನಗೆ ಜ್ವರ ಬಂದಾಗ ಡಾಕ್ಟರನ್ನು ಮನೆಗೆ ಕಳಿಸಿದವನು ಅವನೇ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಸಿರುಗುಪ್ಪದಲ್ಲಿ ಒಬ್ಬ ರೈಸ್‌ಮಿಲ್ಲಿನ ಸಾವ್ಕಾರರು ಹೊಸ ಮನೆ ಕಟ್ಟಿಸಿ, ಅಲ್ಲಿ ವಾಸಕ್ಕೂ ಬಂದು, ಅದಕ್ಕೆ ದೀಪ ಹಾಕಿಸಲು ನಮ್ಮ ಕಂಟ್ರಾಕ್ಟರನಿಗೆ ಹೇಳಿದರು. ಕೆಲಸ ಬಹಳ ದಿನದ್ದು. ಹೋಟೆಲ್ ಊಟ ಇವರಿಗೆ ಒಗ್ಗುತ್ತಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ, ಮನೆಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ. ಮಿಲ್ಲಿನ ಹಿಂದೆ ಗೋಣಿಚೀಲ ಇಡುತ್ತಿದ್ದ ಒಂದು ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಬೇಯಿಸಿದ ಭತ್ತದ ವಾಸನೆ ನನ್ನ ಸೀರೆಗೂ ಕೂದಲಿಗೂ ಹತ್ತಿಕೊಂಡಿರುತ್ತಿತ್ತು.

ಆ ಮನೆಯ ಸೊಸೆ ಕುರುಗೋಡಿನ ಹುಡುಗಿ. ನನಗಿಂತ ಚಿಕ್ಕವಳು, ತುಂಬಿದ ಬಸುರಿ. ಹಿರಿಯರ ಎದುರು ಕೂಡುವಂತಿಲ್ಲದ ಮನೆಯಾದ್ದರಿಂದ ಮಧ್ಯಾಹ್ನದ ಹೊತ್ತು ನಮ್ಮ ಕೋಣೆಯ ಹೊಸ್ತಿಲಿಗೆ ಬಂದು ಕಾಲು ಚಾಚಿ ಕೂಡುತ್ತಿದ್ದಳು. ತಂದೆ ಇರಲಿಲ್ಲ. ತಾಯಿಯೊಬ್ಬಳೇ ಶೇಂಗಾ ಬೆಳೆದು ಸಾಕಿದ್ದಳು. ದೊಡ್ಡ ಮನೆಗೆ ಕೊಟ್ಟೆನೆಂದು ಅವಳ ತಾಯಿಗೆ ಬಹಳ ಸಮಾಧಾನವಂತೆ.

“ಅಕ್ಕಾ, ನಿಮ್ಮನಿಯವರು ಕರೆಂಟು ಮುಟ್ಟತಾರಲ್ಲ, ನಿಮಗ ಅಂಜಿಕಿ ಆಗಂಗಿಲ್ಲೇನು?” ಎಂದು ಒಮ್ಮೆ ಕೇಳಿದಳು.

“ಆಗತೈತಿ. ಸಂಜಿಗೆ ಮನಿಗಿ ಬರೋ ತನಕ ಆಗತೈತಿ.”

“ನನಗ ಕತ್ತಲಿ ಅಂದ್ರನ ಅಂಜಿಕಿ,” ಎಂದಳು.

ಕಾರಣವಿತ್ತು. ಹಿತ್ತಲ ಕಡೆಗಿದ್ದ ಬಚ್ಚಲಿಗೆ ಒಂದು ಅಂಗೈಯಗಲದ ಕಿಂಡಿ ಬಿಟ್ಟರೆ ಬೆಳಕಿಗೆ ದಾರಿಯಿಲ್ಲ. ಅಲ್ಲಿ ಅವಳಿಗೆ ಚೇಳು ಕಡಿದಿತ್ತು. ಬಸುರಿ ಹುಡುಗಿ ದಿನವೂ ಅಂಜಿಕೊಂಡು ಒಳಗೆ ಹೋಗುವುದನ್ನು ನೋಡಲಾಗದೆ ಅವಳ ಅತ್ತೆಯೇ ನನ್ನ ಗಂಡನಿಗೆ, “ಬಚ್ಚಲಕ್ಕೂ ಒಂದು ದೀಪ ಹಾಕಿಬಿಡಪ್ಪ,” ಎಂದರು. ಮೊದಲಿನ ಲೆಕ್ಕದಲ್ಲಿ ಆ ದೀಪ ಇರಲಿಲ್ಲ.

ಉಳಿದ ಕಡೆಗೆಲ್ಲ ಮರದ ಪಟ್ಟಿಯ ಮೇಲೆ ತಂತಿ ಎಳೆದಿದ್ದರು. ಬಚ್ಚಲ ಗೋಡೆ ಸದಾ ಹಸಿ, ಮರ ಕೊಳೆಯುತ್ತದೆ ಎಂದು ಅಲ್ಲಿ ಮಾತ್ರ ಸ್ವಿಚ್ಚಿಗೂ ದೀಪಕ್ಕೂ ಕಬ್ಬಿಣದ ಪೈಪಿನೊಳಗೆ ತಂತಿ ಹಾಯಿಸಿದರು. ಕಬ್ಬಿಣ ಹಾಕಿದ ಮೇಲೆ ಅದರಿಂದ ಒಂದು ತಾಮ್ರದ ತಂತಿ ಇಳಿಸಿ ನೆಲದಲ್ಲಿ ಹೂಳಬೇಕು, ಅದಕ್ಕೇ ಅರ್ಥು ಕೊಡುವುದು ಎನ್ನುತ್ತಾರೆ. ಒಳಗಿನ ಕರೆಂಟು ಎಲ್ಲಾದರೂ ಪೈಪಿಗೆ ಹತ್ತಿದರೆ ಅದು ಮಣ್ಣಿಗೆ ಇಳಿದು ಹೋಗಿ ಫ್ಯೂಸು ಸುಟ್ಟುಬಿಡುತ್ತದೆ, ಮನುಷ್ಯರಿಗೆ ತಗಲುವುದಿಲ್ಲ. ಇಷ್ಟು ನನ್ನ ಗಂಡನಿಗೆ ಗೊತ್ತಿತ್ತು. ಆದರೆ ತಾಮ್ರ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಮದ್ರಾಸಿನಿಂದ ಬರುತ್ತದೆ, ಬಂದ ಕೂಡಲೇ ಕಳಿಸುತ್ತೇನೆ ಎಂದು ಕಂಟ್ರಾಕ್ಟರ್ ಹೇಳುತ್ತಲೇ ಇದ್ದ.

ಅಷ್ಟರಲ್ಲಿ ಸೊಸೆಯ ಕುಬುಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಅಂದು ಮನೆಯೆಲ್ಲ ಬೆಳಗಬೇಕೆಂದು ಸಾವ್ಕಾರರ ಆಸೆ. ಹೊಸ ಮನೆಗೆ ಕರೆಂಟು ಕೊಡುವ ಮೊದಲು ಊರಿನ ಕರೆಂಟು ನೋಡಿಕೊಳ್ಳುವ ಬೋರ್ಡಿನ ಓವರ್‌ಸಿಯರು ಬಂದು ಎಲ್ಲ ಸರಿಯಿದೆಯೇ ಎಂದು ನೋಡಬೇಕಾಗಿತ್ತು. ಅವರು ಬಂದ ದಿನ ಕಂಟ್ರಾಕ್ಟರನೂ ಬಳ್ಳಾರಿಯಿಂದ ಬಂದ. ಓವರ್‌ಸಿಯರು ವಯಸ್ಸಾದವರು, ತೆಲುಗು ಮನೆಮಾತಿನವರು, ಸಂಕೋಚದ ಮನುಷ್ಯ. ಪಡಸಾಲೆ ನೋಡಿದರು, ಮೀಟರ್ ನೋಡಿದರು, ಅಡುಗೆಮನೆಯ ಬಾಗಿಲಲ್ಲೇ ನಿಂತು ಕತ್ತೆತ್ತಿ ನೋಡಿದರು. ಹಿತ್ತಲ ಕಡೆ ತಿರುಗಿದಾಗ ಅಲ್ಲಿ ನಾವು ಹೆಂಗಸರು ಕುಬುಸಕ್ಕೆಂದು ಸೀರೆ ಹಿಂಡುತ್ತಿದ್ದೆವು. ಬಚ್ಚಲಲ್ಲಿ ಯಾರೋ ನೀರು ಹಾಕಿಕೊಳ್ಳುತ್ತಿದ್ದರು. ಓವರ್‌ಸಿಯರು ತಲೆ ತಗ್ಗಿಸಿ ಹಿಂದಕ್ಕೆ ಸರಿದರು.

“ಆ ಕಡೆ ಎಲ್ಲ ಸರಿ ಐತಲ್ಲ?” ಎಂದು ಕಂಟ್ರಾಕ್ಟರನನ್ನು ಕೇಳಿದರು.

“ಸರಿ ಐತ್ರಿ, ಸ್ವಾಮಿ,” ಎಂದು ಅವನು ಹೇಳಿದ. ಇಬ್ಬರೂ ಸಹಿ ಹಾಕಿದರು, ಕಾಫಿ ಕುಡಿದರು.

ಓವರ್‌ಸಿಯರು ಹೋದ ಮೇಲೆ ನನ್ನ ಗಂಡ ಕಂಟ್ರಾಕ್ಟರನನ್ನು ಪಕ್ಕಕ್ಕೆ ಕರೆದರು. “ಬಚ್ಚಲದ ಪೈಪಿಗೆ ಅರ್ಥು ಕೊಟ್ಟಿಲ್ರಿ.”

“ತಾಮ್ರ ಬಂದ ಕೂಡ್ಲೆ ಬಂದು ಕೊಡು. ಅಲ್ಲೀತನಕ ಆ ದೀಪ ಹಚ್ಚಬ್ಯಾಡ್ರಿ ಅಂತ ಮನಿಯವರಿಗೆ ಹೇಳು, ಮುಗೀತು.”

ಇವರು ಹೇಳುವುದಷ್ಟೇ ಅಲ್ಲ, ಬಚ್ಚಲಿನ ಬಲ್ಬನ್ನೇ ತೆಗೆದು ಅತ್ತೆಯ ಕೈಗೆ ಕೊಟ್ಟರು. ಬಲ್ಬಿಲ್ಲದ ಮೇಲೆ ಅಲ್ಲಿಗೆ ಕರೆಂಟಿನ ಕಾಟವಿಲ್ಲ ಎಂದು ಅವರು ನಂಬಿದ್ದರು. ನನಗೂ ಹಾಗೆಯೇ ತೋರಿತ್ತು.

ಕುಬುಸ ಚೆನ್ನಾಗಿ ನಡೆಯಿತು. ಕುರುಗೋಡಿನಿಂದ ತಾಯಿ ಹಸಿರು ಸೀರೆ, ಬಳೆ ತಂದಿದ್ದಳು. ಪಡಸಾಲೆಯ ದೀಪ ಹತ್ತಿದಾಗ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಮಗಳನ್ನು ಒಳ್ಳೆಯ ದಿನ ನೋಡಿ ಹೆರಿಗೆಗೆ ಕರೆದೊಯ್ಯುವುದೆಂದು ಮಾತಾಯಿತು. ಮರುದಿನ ನಾವು ಬಳ್ಳಾರಿಗೆ ಮರಳಿದೆವು. ಹೊರಡುವಾಗ ಹುಡುಗಿ ನನ್ನ ಕೈಗೆ ಒಂದು ಗಂಟು ಚಕ್ಕುಲಿ ಕೊಟ್ಟು, “ಕುರುಗೋಡಿಗೆ ಬರ್ರಿ ಅಕ್ಕಾ, ಕೂಸು ನೋಡಾಕ,” ಎಂದಳು.

ತಾಮ್ರ ಬರಲಿಲ್ಲ. ಮಳೆ ಬಂತು, ಆ ಸೀಮೆಗೆ ಅಪರೂಪವೆನ್ನುವಂತೆ ಜಡಿ ಹಿಡಿದ ಮಳೆ.

ಒಂದು ದಿನ ಹೊತ್ತೇರಿದ ಮೇಲೆ ಮಿಲ್ಲಿನ ಲಾರಿಯ ಡ್ರೈವರ್ ನಮ್ಮ ಓಣಿಯಲ್ಲಿ ಮನೆ ಕೇಳುತ್ತಾ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, “ಸಾವ್ಕಾರ್ರ ಸೊಸಿ ಹೋದಳು. ಬಚ್ಚಲದಾಗ. ಕರೆಂಟು ಹೊಡದು,” ಎಂದ. ನನ್ನ ಗಂಡ ಉಣ್ಣುತ್ತಿದ್ದವರು ಕೈ ತೊಳೆಯದೆಯೇ ಎದ್ದು ಅವನ ಹಿಂದೆ ಹೋದರು.

ಆದದ್ದು ಇಷ್ಟು. ಗೋಡೆ ನೆನೆದು ಪೈಪಿನೊಳಕ್ಕೆ ನೀರು ಇಳಿದಿತ್ತು. ಪೈಪು ಬಾಗುವ ಕಡೆ ಅದರ ಅಂಚು ತಾಗಿ ತಂತಿಯ ಮೇಲಿನ ರಬ್ಬರು ಸೀಳಿತ್ತು. ಹುಡುಗಿ ಸ್ನಾನ ಮುಗಿಸಿ ಮಣೆಯಿಂದ ಏಳಬೇಕು. ಹೊಟ್ಟೆ ಭಾರ. ಆಸರೆಗೆಂದು ಪೈಪು ಹಿಡಿದಳು. ಅತ್ತೆ ಬಾಗಿಲು ಒಡೆಸುವ ಹೊತ್ತಿಗೆ ಹುಡುಗಿ, ಹೊಟ್ಟೆಯ ಕೂಸು ಎರಡೂ ಉಳಿದಿರಲಿಲ್ಲ.

ವಿಚಾರಣೆಗೆ ಮದ್ರಾಸ್ ಸರ್ಕಾರದ ಎಲೆಕ್ಟ್ರಿಕ್ ಇನ್ಸ್‌ಪೆಕ್ಟರರು ಬರುತ್ತಾರೆಂದು ಗೊತ್ತಾದ ದಿನ ಕಂಟ್ರಾಕ್ಟರ್ ನಮ್ಮ ಮನೆಗೆ ಬಂದ. ಮುಖ ಬಾಡಿತ್ತು.

“ಅರ್ಥು ಕೊಟ್ಟಿದ್ದೆ ಅಂತ ಹೇಳು. ಆಮ್ಯಾಲೆ ಗಾರೆಯವರು ಹಿತ್ತಲ ಗೋಡಿ ಅಗದಾಗ ಕಿತ್ತಿರಬೇಕು ಅನ್ನು. ನಿನಗೂ ಏನಾಗಂಗಿಲ್ಲ, ನನಗೂ ಏನಾಗಂಗಿಲ್ಲ.”

“ಕೊಟ್ಟಿಲ್ಲಲ್ರಿ,” ಎಂದರು ಇವರು.

“ಅದು ನಿನಗ ಗೊತ್ತು, ನನಗ ಗೊತ್ತು.”

ಅವನು ಹೋದ ಮೇಲೆ ನಾನು, “ಹಂಗ ಹೇಳಿದ್ರ ಏನಾಗತೈತಿ?” ಎಂದು ಕೇಳಿದೆ.

“ಗಾರೆಯವನ್ನ ಹಿಡೀತಾರ,” ಎಂದರು. ಆ ಮನೆಗೆ ಗಾರೆ ಹಚ್ಚುತ್ತಿದ್ದ ಅವನನ್ನು ನಾನೂ ನೋಡಿದ್ದೆ. ಮಿಲ್ಲಿನ ನೆರಳಲ್ಲಿ ಕೂತು ನಾನು ಕೊಟ್ಟ ಮಜ್ಜಿಗೆ ಕುಡಿದವನು.

ವಿಚಾರಣೆ ಸಿರುಗುಪ್ಪದ ಸರ್ಕಾರಿ ಬಂಗಲೆಯಲ್ಲಿ ನಡೆಯಿತು. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಬಾಗಿಲು ತೆರೆದಿತ್ತು, ಮಾತು ಕೇಳುತ್ತಿತ್ತು. ಮೊದಲು ಓವರ್‌ಸಿಯರನ್ನು ಕೇಳಿದರು. “ಹೆಂಗಸರಿದ್ದರು, ಒಳಗೆ ಹೋಗಲಿಲ್ಲ,” ಎಂದು ಅವರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಬೇಕಾಯಿತು. ಕಂಟ್ರಾಕ್ಟರ್ ತಾನು ಕೆಲಸಗಾರನನ್ನು ನಂಬಿದ್ದೆ ಎಂದ. ಆಮೇಲೆ ನನ್ನ ಗಂಡ ನಿಂತರು. ಅರ್ಥು ಕೊಟ್ಟಿರಲಿಲ್ಲ, ಅದು ತನಗೆ ಗೊತ್ತಿತ್ತು, ಬಲ್ಬು ತೆಗೆದು ಬಂದಿದ್ದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು.

ಇನ್ಸ್‌ಪೆಕ್ಟರರು ಬರೆಯುವುದನ್ನು ನಿಲ್ಲಿಸಿದರು. “ಬಲ್ಬು ತೆಗೆದರೆ ಪೈಪಿಗೆ ಕರೆಂಟು ಬರುವುದಿಲ್ಲ ಎಂದು ನಿನಗೆ ಯಾರು ಹೇಳಿದರು?”

“ಯಾರೂ ಹೇಳಿಲ್ರಿ. ನಾನ ಹಂಗ ತಿಳಕೊಂಡಿದ್ದೆ.”

ಅವರು ಸಿಟ್ಟಾಗಲಿಲ್ಲ. ಸ್ವಿಚ್ಚಿನ ತನಕ ಪೈಪಿನೊಳಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಬಲ್ಬು ಇರಲಿ ಬಿಡಲಿ; ಆ ಕಡೆಯ ಫ್ಯೂಸನ್ನೇ ಕಿತ್ತು ಇಡಬೇಕಾಗಿತ್ತು ಎಂದು ಸಾಲೆಯಲ್ಲಿ ಪಾಠ ಹೇಳುವಂತೆ ನಿಧಾನವಾಗಿ ತಿಳಿಸಿದರು. ಲೈಸೆನ್ಸಿಗೆ ಓದುವವರು ಮೊದಲು ಕಲಿಯುವುದೇ ಇದು ಎಂದರು. ನನ್ನ ಗಂಡ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದರು, ಹೊಸ ಕೆಲಸ ಕಲಿಯುವಾಗ ಆಡಿಸುವ ಹಾಗೆ. ಅದನ್ನು ನೋಡಲಾರದೆ ನಾನು ಮರದ ಆ ಕಡೆಗೆ ಹೋಗಿ ನಿಂತೆ.

ಕೋರ್ಟಿಗೂ ಹೋಯಿತು. ಇವರಿಗೆ ಕೆಲವು ತಿಂಗಳ ಜೈಲಾಯಿತು, ಲೈಸೆನ್ಸಿಲ್ಲದೆ ಇನ್ನು ತಂತಿ ಮುಟ್ಟಬಾರದೆಂದು ತಾಕೀತಾಯಿತು. ಕಂಟ್ರಾಕ್ಟರನಿಗೆ ದಂಡ ಹಾಕಿ ಲೈಸೆನ್ಸನ್ನು ಕೆಲವು ಕಾಲ ತಡೆಹಿಡಿದರು. ಓವರ್‌ಸಿಯರನ್ನು ಬೇರೆ ತಾಲೂಕಿಗೆ ಹಾಕಿದರಂತೆ. ನಾನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕೆಲಸಕ್ಕೆ ಸೇರಿದೆ. ಕಾನೂನು ಹಿಡಿಯುವುದು ಬಡವರನ್ನೇ ಎಂದು ಓಣಿಯವರು ನನ್ನ ಸಮಾಧಾನಕ್ಕೆ ಹೇಳುತ್ತಿದ್ದರು. ಸುಳ್ಳಲ್ಲ. ಆದರೆ ಆ ಮಾತಿನಿಂದ ನನಗೆ ಸಮಾಧಾನವಾಗುತ್ತಿರಲಿಲ್ಲ. ತಿಳಿಯದವನು ಮುಟ್ಟಬಾರದೆಂಬ ಕಾನೂನು ಸರಿಯಾಗಿಯೇ ಇತ್ತು. ಅದನ್ನು ಪಾಲಿಸಿದ್ದರೆ ನಮಗೆ ಅನ್ನ ಇರುತ್ತಿರಲಿಲ್ಲ, ಆ ಹುಡುಗಿ ಇರುತ್ತಿದ್ದಳು.

ಜೈಲಿನಿಂದ ಬಂದ ಮೇಲೆ ಇವರು ಆಡಿದ ಮೊದಲ ಮಾತು ಕುರುಗೋಡಿಗೆ ಹೋಗಬೇಕೆಂಬುದು. ಬೇಡವೆಂದೆ, ಕೇಳಲಿಲ್ಲ. ಬಸ್ಸು ಬಾದನಹಟ್ಟಿಯಲ್ಲಿ ಕೆಟ್ಟು ನಿಂತಿತು, ಉಳಿದ ದಾರಿ ನಡೆದೆವು. ತಾಯಿ ಮನೆಯ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕುಬುಸದಲ್ಲಿ ನೋಡಿದ್ದರಿಂದ ನನ್ನ ಗುರುತು ಹಿಡಿದಳು. ಇವರು ದೂರದಲ್ಲೇ ನಿಂತಿದ್ದರು.

“ಇವ್ರೇನು, ಕರೆಂಟಿನವರು?” ಎಂದಳು.

“ಹೌದ್ರಿ, ಯವ್ವಾ.”

ಅವಳು ಎದ್ದು ಒಳಗೆ ಹೋಗಿ ನೀರು ತಂದಳು. ನನ್ನ ಕೈಗೆ ಒಂದು ಚೊಂಬು ಕೊಟ್ಟು, ಇನ್ನೊಂದನ್ನು ಕಟ್ಟೆಯ ಮೇಲೆ ಇವರಿಗೆ ಎಟಕುವ ಹಾಗೆ ಇಟ್ಟಳು.

“ನನ್ನಿಂದ ಆತ್ರಿ ಯವ್ವಾ,” ಎಂದರು ಇವರು.

ಅವಳು ಮತ್ತೆ ತನ್ನ ಜಾಗದಲ್ಲಿ ಕೂತು, “ಕೈ ಬಿಡಿಸಿಕೊಳ್ಳಾಕ ಆಗಲಿಲ್ಲಂತ. ಖರೇನ?” ಎಂದು ಕೇಳಿದಳು.

“ಖರೇರಿ. ಹಿಡಿದ ಕೈ ಬಿಡಂಗಿಲ್ರಿ ಅದು.”

“ಬಾಳ ಹೊತ್ತು ಸಂಕಟಪಟ್ಟಳೇನು?”

“ಇಲ್ರಿ. ಹೊತ್ತಾಗಂಗಿಲ್ರಿ.” ಅದು ನಿಜವೋ, ಅವಳಿಗಾಗಿ ಹೇಳಿದ್ದೋ ನನಗೆ ತಿಳಿಯದು. ನಾನು ಎಂದೂ ಕೇಳಲಿಲ್ಲ.

ತಾಯಿ ಶೇಂಗಾದ ಮೊರ ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು. “ಸಹಿ ಮಾಡಿದವರು ಯಾರೂ ಬರಲಿಲ್ಲ. ನೀವು ಬಂದ್ರಿ. ಬಂದದ್ದು ಆತು, ಇನ್ನ ಬರಬ್ಯಾಡ್ರಿ,” ಎಂದಳು.

ಹಿಂದಿರುಗುವ ದಾರಿಯಲ್ಲಿ ಇವರು ಒಂದು ಬಂಡೆಯ ಮೇಲೆ ಕೂತರು. “ನೀರು ಕೊಟ್ಟಳು,” ಎಂದರು.

ನಮ್ಮ ಜಿಲ್ಲೆ ಮೈಸೂರಿಗೆ ಸೇರುವ ಸುದ್ದಿ ಎಲ್ಲರ ಬಾಯಲ್ಲಿದ್ದ ಕಾಲಕ್ಕೆ ಕಂಟ್ರಾಕ್ಟರನ ಲೈಸೆನ್ಸ್ ವಾಪಸ್ಸು ಬಂದಿತ್ತು. ಇವರನ್ನು ಮತ್ತೆ ಕೆಲಸಕ್ಕೆ ಕರೆಯಲು ಒಬ್ಬನನ್ನು ಕಳಿಸಿದ. ಇವರು ಹೋಗಲಿಲ್ಲ. ಇಂಗ್ಲಿಷು ಹೇಳಿಕೊಡುವ ಒಬ್ಬ ಮೇಷ್ಟ್ರು ನಮ್ಮ ಓಣಿಯಲ್ಲೇ ಇದ್ದರು. ಅವರ ಹತ್ತಿರ ಕಲಿತು ಪರೀಕ್ಷೆಗೆ ಕೂಡಿರಿ, ಪಾಸಾದರೆ ಯಾರ ಹಂಗೂ ಇಲ್ಲ ಎಂದು ನಾನು ಹೇಳಿದೆ.

“ಪಾಸಾದ್ರ ಮತ್ತ ತಂತಿ ಮುಟ್ಟಬೇಕಾಗತೈತಿ,” ಎಂದರು.

ಮರುದಿನ ನನ್ನ ಜೊತೆಗೇ ಜಿನ್ನಿಗೆ ಬಂದು ಹತ್ತಿ ಹೊರುವ ಕೆಲಸಕ್ಕೆ ಸೇರಿದರು. ಕೊನೆಯ ತನಕ ಅದನ್ನೇ ಮಾಡಿದರು.